ಜಾಮೀನಿಲ್ಲದೆ ಡಿಕ್ರಿಗೆ ತಡೆ ಸಿಗುತ್ತದೆಯೇ?

ಈ ಮಾಲಿಕೆಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮಾತ್ರ ನಿಂತೇ ಇಲ್ಲ. "ನಮ್ಮ ಮೇಲೆ ಡಿಕ್ರಿ ಆಗಿದೆ, ಅಪೀಲು ಹಾಕುತ್ತಿದ್ದೇವೆ. ತಡೆಯಾಜ್ಞೆ ಬೇಕಾದರೆ ದುಡ್ಡು ಕಟ್ಟಿ, ಇಲ್ಲವೇ ಜಾಮೀನು ಕೊಡಿ ಅನ್ನುತ್ತಾರೆ. ಕಟ್ಟುವ ದುಡ್ಡಿದ್ದಿದ್ದರೆ ದಾವೆವರೆಗೆ ಯಾಕೆ ಬರುತ್ತಿತ್ತು? ಏನೂ ಕಟ್ಟದೆ ಅಮಲ್ಜಾರಿ ನಿಲ್ಲಿಸಲು ದಾರಿ ಇಲ್ಲವೇ?"

ದಾರಿ ಇದೆ. ಅದು ಕಿರಿದು, ಎಲ್ಲರಿಗೂ ತೆರೆದದ್ದಲ್ಲ. ಆ ದಾರಿಗೆ ಬರುವ ಮೊದಲು ಒಂದು ಮಾತು ಹೇಳಲೇಬೇಕು. ಜಾಮೀನು ಕೊಡಲಾಗದೆ ಆಸ್ತಿ ಕಳೆದುಕೊಂಡವರಿಗಿಂತ, ಈ ಮಾತು ಗೊತ್ತಿಲ್ಲದೆ ಕಳೆದುಕೊಂಡವರನ್ನೇ ನಾನು ಹೆಚ್ಚು ನೋಡಿದ್ದೇನೆ.

ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 5ನೇ ನಿಯಮ ಶುರುವಾಗುವುದೇ ಈ ಮಾತಿನಿಂದ. ಅಪೀಲಿಗೆ ನಂಬರು ಬಿತ್ತು, ಎದುರುದಾರರಿಗೆ ನೋಟಿಸು ಹೋಯಿತು, ಮುಂದಿನ ತಾರೀಖು ಸಿಕ್ಕಿತು. ಇಷ್ಟೆಲ್ಲ ಆದರೂ ಕೆಳಗಿನ ಕೋರ್ಟಿನ ಡಿಕ್ರಿ ಪೂರ್ತಿ ಜೀವಂತವಾಗಿರುತ್ತದೆ. ತಡೆಗೆ ಬೇರೆಯೇ ಅರ್ಜಿ ಬೇಕು, ಆ ಅರ್ಜಿಯ ಮೇಲೆ ಬೇರೆಯೇ ಆದೇಶ ಬೇಕು.

ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತಿದ್ದ ಕಾಲದಲ್ಲಿ ಒಬ್ಬ ಹಿರಿಯರ ಮನೆಗೆ ಅಮೀನರು ಬಂದಿದ್ದರು. ಹಿರಿಯರು ಪೆಟ್ಟಿಗೆಯಿಂದ ಅಪೀಲು ನಂಬರು ಬರೆದ ಚೀಟಿ ತೆಗೆದು ಹಿಡಿದು, "ಸ್ವಾಮಿ, ಮೇಲಿನ ಕೋರ್ಟಲ್ಲಿ ನಮ್ಮದು ನಂಬರಾಗಿದೆ, ನೀವು ಹೋಗಿ" ಅಂದರು. ಅಮೀನರು ಸಭ್ಯರು, ಒಂದು ಬಿರುಸು ಮಾತೂ ಆಡಲಿಲ್ಲ. ಆದರೆ ಅವರ ಕೈಯಲ್ಲಿ ವಾರಂಟು ಇತ್ತು, ಇವರ ಕೈಯಲ್ಲಿ ಆದೇಶ ಇರಲಿಲ್ಲ. ಟ್ರ್ಯಾಕ್ಟರ್ ಜಪ್ತಿಯಾಯಿತು. "ಅಪೀಲು ಹಾಕಿಬಿಟ್ಟಿದ್ದೇವೆ, ಇನ್ನು ಯಾರೂ ಏನೂ ಮಾಡೋ ಹಾಗಿಲ್ಲ" ಎಂದು ಅರಳಿಕಟ್ಟೆಯಲ್ಲಿ ಕೂತು ಧೈರ್ಯ ಹೇಳುವವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ತಡೆಯಾಜ್ಞೆ ಸಿಕ್ಕಿತು ಅನ್ನಿ. ಅಲ್ಲಿಗೂ ಕೆಲಸ ಮುಗಿಯಲಿಲ್ಲ. ಆ ಆದೇಶ ಕೆಳಗಿನ ಕೋರ್ಟಿಗೆ ತಿಳಿದ ಮೇಲೆಯೇ ಅದಕ್ಕೆ ಬಲ. 1967ರಲ್ಲಿ ಸುಪ್ರೀಂ ಕೋರ್ಟ್ ಈ ವಿಷಯ ಸ್ಪಷ್ಟಪಡಿಸಿತು: ತಡೆಯಾಜ್ಞೆ ಆಗಿರುವುದು ಗೊತ್ತಿಲ್ಲದೆ ಅಮಲ್ಜಾರಿ ಕೋರ್ಟು ಮುಂದುವರಿದರೆ ಅದು ಮಾಡಿದ ಕೆಲಸ ತಾನಾಗಿಯೇ ರದ್ದಾಗುವುದಿಲ್ಲ. ಬೆಳಿಗ್ಗೆ ಜಿಲ್ಲಾ ಕೋರ್ಟಿನಲ್ಲಿ ಆದೇಶ, ಮಧ್ಯಾಹ್ನ ಊರಲ್ಲಿ ಸ್ವಾಧೀನ, ಹೀಗೂ ಆಗಬಹುದು. ಇದಕ್ಕೆ ಕಾನೂನೇ ಪರಿಹಾರ ಇಟ್ಟಿದೆ. ಆದೇಶದ ಪ್ರತಿ ಬರುವವರೆಗೆ ಕಾಯಬೇಕಿಲ್ಲ. "ತಡೆಯಾಜ್ಞೆ ಆಗಿದೆ, ಇದು ನನಗೆ ಸ್ವತಃ ತಿಳಿದಿದೆ" ಎಂದು ಅಪೀಲುದಾರರು ಪ್ರಮಾಣಪತ್ರ ಮಾಡಿ ಕೆಳಗಿನ ಕೋರ್ಟಿಗೆ ಕೊಟ್ಟರೆ, ಅಧಿಕೃತ ಪ್ರತಿ ತಲುಪುವವರೆಗೆ ಆ ಕೋರ್ಟು ಅದರಂತೆ ನಡೆಯಬೇಕು. ಎಷ್ಟೋ ಕಕ್ಷಿದಾರರಿಗೆ ಇದನ್ನು ಯಾರೂ ಹೇಳಿರುವುದೇ ಇಲ್ಲ. ಇನ್ನೊಮ್ಮೆ ಹೇಳುತ್ತೇನೆ: ಅಪೀಲು ಬೇರೆ, ತಡೆಯ ಅರ್ಜಿ ಬೇರೆ, ತಡೆಯ ಆದೇಶ ಬೇರೆ, ಆ ಆದೇಶವನ್ನು ಕೆಳಗೆ ಮುಟ್ಟಿಸುವುದು ಬೇರೆ. ನಾಲ್ಕೂ ಆಗಬೇಕು.

ತಡ ಮಾಡಿದವರ ಕಷ್ಟ ಇನ್ನೂ ದೊಡ್ಡದು. ವಾಯಿದೆ ಮೀರಿ ಅಪೀಲು ಹಾಕಿ, ವಿಳಂಬ ಮನ್ನಿಸಿ ಎಂದು ಕೇಳಿಕೊಂಡಿದ್ದರೆ, ಕೋರ್ಟು ಆ ಅಪೀಲನ್ನು ವಿಚಾರಣೆಗೆ ತೆಗೆದುಕೊಳ್ಳಲು ತೀರ್ಮಾನಿಸುವವರೆಗೆ ತಡೆಯಾಜ್ಞೆಯನ್ನೇ ಕೊಡುವಂತಿಲ್ಲ. 41ನೇ ಆದೇಶದ 3ಎ ನಿಯಮ ಇದನ್ನು ಖಡಾಖಂಡಿತವಾಗಿ ಹೇಳುತ್ತದೆ.

ಇದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಈಗ ಜಾಮೀನಿಗೆ ಬರೋಣ. ತಡೆ ಕೊಡುವ ಮೊದಲು ಕೋರ್ಟು ನೋಡಬೇಕಾದದ್ದು ಮೂರು. ತಡೆ ಸಿಗದಿದ್ದರೆ ಅಪೀಲುದಾರನಿಗೆ ಗಣನೀಯ ನಷ್ಟ ಆಗುತ್ತದೆಯೇ, ಅರ್ಜಿ ತಡವಿಲ್ಲದೆ ಬಂದಿದೆಯೇ, ಡಿಕ್ರಿ ಪಾಲನೆಗೆ ಭದ್ರತೆ ಕೊಟ್ಟಿದ್ದಾರೆಯೇ. ಹಣದ ಡಿಕ್ರಿಯಾದರೆ ಬಿಗಿ ಇನ್ನೂ ಹೆಚ್ಚು. 1976ರ ತಿದ್ದುಪಡಿ ಪ್ರಕಾರ ವಿವಾದದ ಮೊತ್ತ ಠೇವಣಿ ಇಡಬೇಕು ಅಥವಾ ಭದ್ರತೆ ಕೊಡಬೇಕು. ಎರಡೂ ಇಲ್ಲದಿದ್ದರೆ ತಡೆ ಇಲ್ಲ ಎಂದೇ ನಿಯಮದ ಮಾತು. ಆದರೆ ಠೇವಣಿ ಇಡಲಿಲ್ಲ ಎಂಬ ಒಂದೇ ಕಾರಣಕ್ಕೆ ಅಪೀಲು ವಜಾ ಆಗುವುದಿಲ್ಲ. ತಡೆ ತಪ್ಪಬಹುದು, ಅಪೀಲು ಉಳಿಯುತ್ತದೆ. ಇದನ್ನು ಸುಪ್ರೀಂ ಕೋರ್ಟೇ ಹೇಳಿದೆ.

ಹಾಗಾದರೆ ಆ ಕಿರಿದಾದ ದಾರಿ ಯಾವುದು? ನಿಯಮದಲ್ಲಿ ಕಡ್ಡಾಯದ ಭಾಷೆ ಇದ್ದರೂ ಅಸಾಧಾರಣ ಪ್ರಕರಣದಲ್ಲಿ ಠೇವಣಿ ಇಲ್ಲದೆಯೂ ತಡೆ ಕೊಡಬಹುದೆಂದು ಸುಪ್ರೀಂ ಕೋರ್ಟ್ ಒಪ್ಪಿದೆ. 2025ರಲ್ಲಿ ಅಮೆಜಾನ್ ಟೆಕ್ನಾಲಜೀಸ್ ಮೇಲಿನ ಮುನ್ನೂರು ಕೋಟಿ ರೂಪಾಯಿಗೂ ಮೀರಿದ ಡಿಕ್ರಿಗೆ ದೆಹಲಿ ಹೈಕೋರ್ಟ್ ಠೇವಣಿ ಕೇಳದೆ ತಡೆ ಕೊಟ್ಟದ್ದರಲ್ಲಿ ಸುಪ್ರೀಂ ಕೋರ್ಟ್ ಕೈಹಾಕಲಿಲ್ಲ. "ದೊಡ್ಡವರಿಗೊಂದು ನ್ಯಾಯ" ಎಂದು ಪತ್ರ ಬರೆದವರಿದ್ದಾರೆ. ಆ ತೀರ್ಪಿನಲ್ಲಿರುವ ಅಳತೆ ದೊಡ್ಡವರು ಚಿಕ್ಕವರೆಂಬುದಲ್ಲ. ಡಿಕ್ರಿ ಮೇಲ್ನೋಟಕ್ಕೇ ವಿಪರೀತವಾಗಿರಬೇಕು, ಕಾನೂನಿಗೆ ಎದ್ದು ಕಾಣುವಷ್ಟು ವಿರುದ್ಧವಾಗಿರಬೇಕು, ನಿಲ್ಲಲಾರದಂಥದ್ದಾಗಿರಬೇಕು, ಅಥವಾ ಅಂಥದೇ ಬೇರೆ ಅಸಾಧಾರಣ ಕಾರಣ ಇರಬೇಕು. ಸಮನ್ಸೇ ತಲುಪದವರ ಮೇಲೆ ಏಕಪಕ್ಷೀಯ ಡಿಕ್ರಿ ಆಗಿದ್ದರೆ, ದಾವೆಯಲ್ಲಿ ಕೇಳದ್ದನ್ನು ಕೊಟ್ಟಿದ್ದರೆ, ಆ ದೋಷವನ್ನು ದಾಖಲೆಯ ಪುಟ ಸಮೇತ ತೋರಿಸಿ. "ತೀರ್ಪು ತಪ್ಪು" ಅಂದರೆ ಸಾಲದು. ಅಪೀಲು ಹಾಕುವವರೆಲ್ಲ ಅನ್ನುವುದು ಅದನ್ನೇ.

"ನಾನು ಬಡವ" ಅನ್ನುವುದೊಂದೇ ಕಾರಣವಾದರೆ ಅದೂ ಸಾಲದು. ಇದನ್ನು ಹೇಳುವುದು ನನಗೆ ಕಷ್ಟ, ಆದರೂ ಹೇಳದಿದ್ದರೆ ಮೋಸವಾಗುತ್ತದೆ. ನಿರ್ಗತಿಕರೆಂದು ಅಪೀಲು ಹಾಕಲು 44ನೇ ಆದೇಶ ಅವಕಾಶ ಕೊಡುತ್ತದೆ ನಿಜ. ಅದು ಕೋರ್ಟ್ ಫೀಗೆ ಸಿಗುವ ವಿನಾಯಿತಿ, ಭದ್ರತೆಗಲ್ಲ. ಎದುರಿಗಿರುವ ಡಿಕ್ರಿದಾರನೂ ವರ್ಷಗಟ್ಟಲೆ ಅಲೆದು ಗೆದ್ದವನು. ಎಷ್ಟೋ ಸಲ ಅವನೂ ಬಡವನೇ. ಹಾಗೆಂದು ಏನೂ ಇಲ್ಲದವರನ್ನು ಕಾನೂನು ಪೂರ್ತಿ ಕೈಬಿಟ್ಟಿಲ್ಲ. ಬೇಸಾಯಗಾರನ ಉಪಕರಣ, ದನಕರು, ಅವನು ವಾಸವಿರುವ ಮನೆ, ಅಡುಗೆ ಪಾತ್ರೆಗಳು, ಕುಶಲಕರ್ಮಿಯ ಸಲಕರಣೆ, ಇವಕ್ಕೆ ಸಂಹಿತೆಯ 60ನೇ ಕಲಮಿನಲ್ಲಿ ಜಪ್ತಿಯಿಂದ ರಕ್ಷಣೆ ಇದೆ. ಕೊಡುವ ಶಕ್ತಿ ನಿಜವಾಗಿಯೂ ಇಲ್ಲದ ಪ್ರಾಮಾಣಿಕನನ್ನು ಸಾಲಕ್ಕಾಗಿ ಜೈಲಿಗೆ ಹಾಕುವಂತಿಲ್ಲ ಎಂದು 1980ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

"ಸರ್ಕಾರ ಮಾತ್ರ ಜಾಮೀನು ಕೊಡುವುದಿಲ್ಲವಲ್ಲ" ಎಂದು ಕೇಳಿದವರಿಗೆ: ಹೌದು, 27ನೇ ಆದೇಶದ 8ಎ ನಿಯಮ ಸರ್ಕಾರಕ್ಕೆ ಆ ವಿನಾಯಿತಿ ಕೊಟ್ಟಿದೆ, ನಮಗೆ ನಿಮಗೆ ಕೊಟ್ಟಿಲ್ಲ.

ಜಾಮೀನು ಅಂದರೆ ನಗದೇ ಎಂಬ ಭಯವನ್ನೂ ಬಿಡಿ. ಜಮೀನಿನ ಪತ್ರ ಆಗಬಹುದು, ಬೇರೆಯವರು ಜಾಮೀನು ನಿಲ್ಲಬಹುದು. ಜಮೀನು, ಮನೆಯ ಡಿಕ್ರಿಗಳಲ್ಲಿ ಕೋರ್ಟುಗಳು ಅನೇಕ ಸಲ "ಪರಭಾರೆ ಮಾಡುವುದಿಲ್ಲ, ಸ್ವರೂಪ ಬದಲಿಸುವುದಿಲ್ಲ" ಎಂಬ ಮುಚ್ಚಳಿಕೆಗೆ ತೃಪ್ತಿಪಡುತ್ತವೆ. ಬಾಡಿಗೆ ಮನೆ ತೆರವಿನ ಡಿಕ್ರಿಯಾದರೆ ತಿಂಗಳು ತಿಂಗಳು ಇಂದಿನ ದರದ ಬಾಡಿಗೆ ಕಟ್ಟಿ ಎಂಬ ಷರತ್ತು ಬರಬಹುದು. ಸ್ಥಿರಾಸ್ತಿ ಹರಾಜಿಗೆ ಆದೇಶವಾಗಿದ್ದು ಅಪೀಲು ಬಾಕಿ ಇದ್ದರೆ 41ನೇ ಆದೇಶದ 6ನೇ ನಿಯಮ ನೋಡಿ: ಹರಾಜಿಗೆ ಆದೇಶ ಮಾಡಿದ ಕೋರ್ಟಿಗೇ ಅರ್ಜಿ ಕೊಟ್ಟರೆ ಅದು ಹರಾಜು ನಿಲ್ಲಿಸಬೇಕು. ಭದ್ರತೆಯ ಷರತ್ತೋ ಬೇರೆ ಷರತ್ತೋ ಎಂಬುದು ಆ ಕೋರ್ಟಿನ ವಿವೇಚನೆ. ಜಾಮೀನು ಕೊಡಲಾಗದವರು ಹೆಚ್ಚಾಗಿ ಬಳಸಬೇಕಾದ, ಬಳಸದೆ ಬಿಡುವ ನಿಯಮ ಇದು.

ಸಮಯ ಆಗುತ್ತಿದೆ, ಇನ್ನೆರಡೇ ಮಾತು. ತೀರ್ಪು ಬಂದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಅಪೀಲು ಸಿದ್ಧವಾಗುವಷ್ಟರಲ್ಲಿ ಅಮಲ್ಜಾರಿ ಬರುವ ಭಯವಿದ್ದರೆ, ಅಪೀಲಿನ ವಾಯಿದೆ ಮುಗಿಯುವ ಮೊದಲೇ ಡಿಕ್ರಿ ಮಾಡಿದ ಕೋರ್ಟಿನಲ್ಲೇ ತಾತ್ಕಾಲಿಕ ತಡೆ ಕೇಳಬಹುದು. ಅಪೀಲಿಗೆ ಜಿಲ್ಲಾ ಕೋರ್ಟಿನಲ್ಲಿ 30 ದಿನ, ಹೈಕೋರ್ಟಿನಲ್ಲಿ 90 ದಿನ ವಾಯಿದೆ ಇದೆ. ಆದರೆ ಆ ದಿನಗಳು ಮುಗಿಯುವವರೆಗೆ ಡಿಕ್ರಿದಾರ ಕಾಯಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ.