ಮನೆಯ ನೆನಪುಗಳಿಗೊಂದು ಉಗ್ರಾಣ

(ಉದಯಗಿರಿಯಲ್ಲಿ ಪೋಷಕರಿಗೂ ವಿದ್ಯಾರ್ಥಿಗಳಿಗೂ ನೀಡಿದ ಉಪನ್ಯಾಸದ ಬರಹ ರೂಪ)

 

ನಿಮ್ಮ ಮನೆಯ ಬೀರು ಒಮ್ಮೆ ತೆರೆದು ನೋಡಿ. ಮದುವೆಯ ವಿಎಚ್‌ಎಸ್ ಕ್ಯಾಸೆಟ್, ನಿಕಾಹ್‌ನ ಡಿವಿಡಿ, ಅಜ್ಜನ ದನಿ ಇರುವ ಆಡಿಯೋ ಕ್ಯಾಸೆಟ್, ಕೆಟ್ಟುಹೋದ ಎರಡು ಮೊಬೈಲ್ ಸಿಕ್ಕರೆ ಆಶ್ಚರ್ಯವಿಲ್ಲ. ಇವೆಲ್ಲ ಇದ್ದೂ ಇಲ್ಲದಂತೆ. ಜಗತ್ತಿನಲ್ಲಿ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನೈ 2016ರಲ್ಲೇ ಅದನ್ನು ನಿಲ್ಲಿಸಿತು. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದ ಉಚಿತ ಜಾಗವೂ 2021ರ ಜೂನ್ 1ಕ್ಕೆ ಮುಗಿಯಿತು. ಹೀಗಾಗಿ ಮನೆಯಲ್ಲೇ ಒಂದು ಮೀಡಿಯಾ ಸರ್ವರ್ ಇಟ್ಟುಕೊಳ್ಳುವವರಿದ್ದಾರೆ. ಫೋಟೋ, ವಿಡಿಯೋ, ಪಾಠಗಳನ್ನೆಲ್ಲ ಒಂದೆಡೆ ಇಟ್ಟು, ವೈ-ಫೈ ಮೂಲಕ ಟಿವಿಗೂ ಮೊಬೈಲಿಗೂ ಕಳಿಸುವ ಕಂಪ್ಯೂಟರ್ ಅದು. ಹಳೆಯ ಕಂಪ್ಯೂಟರೊಂದಿದ್ದರೆ ಅದೇ ಸಾಕು. ಜೆಲ್ಲಿಫಿನ್‌ನಂತಹ ತಂತ್ರಾಂಶ ಉಚಿತವಾಗಿ ಸಿಗುತ್ತದೆ.

ಎಲ್ಲರೂ ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಟಿಬಿ ಬೇಕು?’ ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿ ಲೆಕ್ಕ ಹಾಕಿ. ಒಂದು ಫೋಟೋಗೆ 4 ಎಂಬಿ ಎಂದುಕೊಂಡರೆ 20,000 ಫೋಟೋಗಳಿಗೆ 80 ಜಿಬಿ. ಒಂದು ಡಿವಿಡಿ ತುಂಬಿದರೂ 4.7 ಜಿಬಿ, 30 ಡಿವಿಡಿಗೆ ಸುಮಾರು 140 ಜಿಬಿ. ಮೊಬೈಲಿನ ಫುಲ್ ಎಚ್‌ಡಿ ವಿಡಿಯೋ ನಿಮಿಷಕ್ಕೆ 130 ಎಂಬಿಯಂತೆ 100 ಗಂಟೆಗೆ 780 ಜಿಬಿ. ಒಟ್ಟು 1,000 ಜಿಬಿ, ಅಂದರೆ 1 ಟಿಬಿ. ವರ್ಷಕ್ಕೆ 200 ಜಿಬಿ ಸೇರುತ್ತಾ ಹೋದರೆ ಐದು ವರ್ಷಕ್ಕೆ 2 ಟಿಬಿ. ಸ್ವಲ್ಪ ಜಾಗ ಖಾಲಿ ಬಿಟ್ಟರೂ ಈ ಮನೆಗೆ 4 ಟಿಬಿ ಧಾರಾಳ. 16 ಟಿಬಿ ಕೊಳ್ಳುವ ಅಗತ್ಯವಿಲ್ಲ. ಉಳಿದ ಹಣಕ್ಕೆ ಬೇರೆ ಕೆಲಸವಿದೆ, ಅದನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ಮಾತು. 1 ಟಿಬಿ ಡಿಸ್ಕ್ ತಂದು ಜೋಡಿಸಿದರೆ ವಿಂಡೋಸ್ 931 ಜಿಬಿ ಎಂದು ತೋರಿಸುತ್ತದೆ. ಅಂಗಡಿಯವನು ಮೋಸ ಮಾಡಿದ ಎನ್ನಬೇಡಿ. ತಯಾರಕರು 1,000ದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1,024ರ ಲೆಕ್ಕ ಹಿಡಿಯುತ್ತದೆ.

ಎರಡನೆಯ ಪ್ರಶ್ನೆ ಸುರಕ್ಷತೆಯದು. ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಂತೆ ಹಲವು ಡಿಸ್ಕ್‌ಗಳನ್ನು ಜೋಡಿಸುವ ವಿಧಾನಕ್ಕೆ ರೇಡ್ ಎಂದು ಹೆಸರು. ಅಮೆರಿಕದ ಬರ್ಕ್‌ಲಿಯ ಪ್ಯಾಟರ್‌ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 1988ರಲ್ಲಿ ಇದರ ಬಗ್ಗೆ ಪ್ರಬಂಧ ಮಂಡಿಸಿದರು. ರೇಡ್ 1ರಲ್ಲಿ 4 ಟಿಬಿಯ ಎರಡು ಡಿಸ್ಕ್ ಹಾಕಿದರೆ ಸಿಗುವುದು 4 ಟಿಬಿಯೇ, ಏಕೆಂದರೆ ಒಂದರಲ್ಲಿರುವುದೇ ಇನ್ನೊಂದರಲ್ಲೂ ಇರುತ್ತದೆ. ರೇಡ್ 5ರಲ್ಲಿ ಅಂಥ ನಾಲ್ಕು ಡಿಸ್ಕ್‌ಗೆ 12 ಟಿಬಿ ಸಿಗುತ್ತದೆ.

ಆದರೆ ದಯವಿಟ್ಟು ಗಮನಿಸಿ, ರೇಡ್ ಇದ್ದರೆ ಬ್ಯಾಕಪ್ ಇದ್ದಂತಲ್ಲ. ಮಗು ತಿಳಿಯದೆ ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕ್‌ನಲ್ಲಿ ಅದೇ ಕ್ಷಣ ಅಳಿಯುತ್ತದೆ. ಕಳ್ಳತನವಾದರೆ ಎರಡೂ ಒಟ್ಟಿಗೇ ಹೋಗುತ್ತವೆ. ವಾರಂಟಿ ಇರುವುದು ಡಿಸ್ಕಿಗೆ, ಅದರೊಳಗಿನ ಅಜ್ಜನ ದನಿಗಲ್ಲ. ಆದ್ದರಿಂದ ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿರಲಿ, ಒಂದು ಪ್ರತಿ ಬೇರೆ ಊರಿನ ಬಂಧುಗಳ ಮನೆಯಲ್ಲಿರಲಿ. ಉಳಿಸಿದ ಹಣದಲ್ಲಿ ಕೊಳ್ಳಬೇಕಾದದ್ದು ಈ ಎರಡನೆಯ, ಮೂರನೆಯ ಡಿಸ್ಕ್‌ಗಳನ್ನೇ. ಜೊತೆಗೆ ಒಂದು ಸಣ್ಣ ಯುಪಿಎಸ್ ಇರಲಿ, ಬರೆಯುತ್ತಿರುವಾಗ ಕರೆಂಟ್ ಹೋದರೆ ಕಡತ ಹಾಳಾಗಬಹುದು.

ಜಾಗ ಹೆಚ್ಚಿಸುವಾಗ ಆತುರ ಬೇಡ. ಮೊದಲು ಬ್ಯಾಕಪ್ ತೆಗೆಯಿರಿ. ರೇಡ್ 1ರಲ್ಲಿ ಒಂದು ಡಿಸ್ಕ್ ತೆಗೆದು ದೊಡ್ಡದನ್ನು ಹಾಕಿ, ನಕಲು ಪೂರ್ತಿಯಾಗುವವರೆಗೆ ಕಾಯಿರಿ, ಆಮೇಲೆ ಎರಡನೆಯದನ್ನು ಬದಲಿಸಿ. ಎರಡೂ ದೊಡ್ಡದಾದ ಮೇಲಷ್ಟೇ ಜಾಗ ಹೆಚ್ಚಿಸಲು ಬರುತ್ತದೆ. ಹಳೆಯ ಕಂಪ್ಯೂಟರುಗಳಲ್ಲಿ ಬಳಸುವ ಎಂಬಿಆರ್ ಎಂಬ ವಿಭಜನಾ ಕ್ರಮ ಸುಮಾರು 2 ಟಿಬಿಗಿಂತ ಆಚೆಯ ಜಾಗವನ್ನು ಗುರುತಿಸುವುದಿಲ್ಲ, ದೊಡ್ಡ ಡಿಸ್ಕಿಗೆ ಜಿಪಿಟಿ ಕ್ರಮವೇ ಬೇಕು. ತೆಗೆದ ಡಿಸ್ಕ್ ಚೆನ್ನಾಗಿದ್ದರೆ ಅದನ್ನೇ ಹೆಚ್ಚುವರಿ ಪ್ರತಿಗೆ ಬಳಸಿ. ಮಾರುವುದಾದರೆ ಪೂರ್ತಿ ಅಳಿಸಿ ಕೊಡಿ, ಮನೆಯ ಹೆಣ್ಣುಮಕ್ಕಳ ಫೋಟೋಗಳು ಪರರ ಕೈ ಸೇರಬಾರದು.

ಕಾಪಾಡುವುದೆಂದರೆ ಮತ್ತೆ ಮತ್ತೆ ನಕಲು ಮಾಡುವುದು ಎಂಬುದನ್ನು ನಮ್ಮ ಮೈಸೂರು ಬಹಳ ಹಿಂದೆಯೇ ಬಲ್ಲದು. ಓಲೆಗರಿ ಹಳತಾದಾಗ ಲಿಪಿಕಾರರು ಹೊಸ ಗರಿಗೆ ಬರೆದಿಡುತ್ತಿದ್ದರು. 1891ರಲ್ಲಿ ಆರಂಭವಾದ ಇಲ್ಲಿನ ಓರಿಯೆಂಟಲ್ ಲೈಬ್ರರಿಗೆ ಬಂದ ಅಂಥ ಒಂದು ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಹೆಸರೂ ತಿಳಿಯದ ಯಾರೋ ನಕಲು ಮಾಡದೇ ಹೋಗಿದ್ದರೆ ಆ ಗ್ರಂಥ ಶಾಸ್ತ್ರಿಗಳ ಕೈಗೆ ಸಿಗುತ್ತಿರಲಿಲ್ಲ. ಡಿಸ್ಕಿಗೂ ಇದೇ ಮಾತು. ಅದು ಕೆಡುವ ಮೊದಲೇ ಹೊಸದಕ್ಕೆ ವರ್ಗಾಯಿಸಿ.

ಕೊನೆಯದಾಗಿ, ಪಾಸ್‌ವರ್ಡ್ ಮನೆಯ ಒಬ್ಬ ಹುಡುಗನ ತಲೆಯಲ್ಲಷ್ಟೇ ಇರಬಾರದು. ಅವನು ನಾಳೆ ದುಬೈಗೋ ಬೆಂಗಳೂರಿಗೋ ಕೆಲಸಕ್ಕೆ ಹೋದರೆ ತಾಯಿಗೆ ಉಗ್ರಾಣದ ಬೀಗವೇ ತೆರೆಯದು. ಒಂದು ಪುಸ್ತಕದಲ್ಲಿ ಬರೆದು ಮನೆಪತ್ರಗಳ ಜೊತೆ ಇಡಿ. ಆರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ವಿಡಿಯೋ ತೆಗೆದು ಓಡುತ್ತದೆಯೇ ಎಂದು ನೋಡಿ. ಮಕ್ಕಳ ಅಂಕಪಟ್ಟಿ, ಮನೆಪತ್ರಗಳನ್ನೂ ಸ್ಕ್ಯಾನ್ ಮಾಡಿ ಅಲ್ಲೇ ಸೇರಿಸಿ. ಈ ರಜೆಯಲ್ಲಿ ವಿದ್ಯಾರ್ಥಿಗಳು ಮಾಡಬೇಕಾದ ಮೊದಲ ಕೆಲಸ, ಬೀರುವಿನಲ್ಲಿರುವ ಕ್ಯಾಸೆಟ್‌ಗಳನ್ನು ಎಣಿಸಿ, ಪ್ರತಿಯೊಂದರಲ್ಲೂ ಯಾರ ದನಿ ಇದೆ ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳುವುದು. ಹಾಗೆ ಹೇಳಬಲ್ಲವರು ಇಂದು ಮನೆಯಲ್ಲಿದ್ದಾರೆ.