ನೆತ್ತಿಯ ಕಿಟಕಿ

ಹಸುಗೂಸಿಗೆ ಎಣ್ಣೆ ಹಚ್ಚುವ ಅಜ್ಜಿಯರ ಕೈ ನೆತ್ತಿಗೆ ಬಂದೊಡನೆ ತಾನಾಗಿ ಹಗುರವಾಗುತ್ತದೆ. ತಲೆಯ ಎಲುಬುಗಳು ಇನ್ನೂ ಕೂಡಿಕೊಳ್ಳದೆ ಬಿಟ್ಟ ಮೆತ್ತನೆಯ ಜಾಗ ಅದು. ನಾಡಿಯೊಡನೆ ಅದು ಮಿಡಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಅದು ಮುಚ್ಚಿಹೋಗುತ್ತದೆ. ಅಲ್ಲಿಯವರೆಗೆ ಈ ಕಿಟಕಿಯಿಂದ ಮಿದುಳನ್ನೇ ಇಣುಕಿ ನೋಡಬಹುದು. ಆ ನೋಟಕ್ಕೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ಮಕ್ಕಳ ವೈದ್ಯನಾಗಿ ನಾನು ಇಂದು ಹೇಳಬಯಸುತ್ತೇನೆ.

ಹುಟ್ಟಿದ ಮೊದಲ 28 ದಿನಗಳಲ್ಲಿ ರಕ್ತವನ್ನು ಸೇರಿದ ಬ್ಯಾಕ್ಟೀರಿಯಾ ಮಿದುಳಿನ ಪೊರೆಗಳನ್ನು ಮುಟ್ಟಿದರೆ ಮೆನಿಂಜೈಟಿಸ್ ಉಂಟಾಗುತ್ತದೆ. ದೊಡ್ಡವರಲ್ಲಿಯಾದರೆ ಜ್ವರ, ತಲೆನೋವು, ಕತ್ತಿನ ಬಿಗಿತ ಎಂದು ರೋಗ ತನ್ನ ಗುರುತು ಹೇಳಿಕೊಳ್ಳುತ್ತದೆ. ಎಳೆಗೂಸಿನಲ್ಲಿ ಅದು ಕಳ್ಳನಂತೆ ಬರುತ್ತದೆ. ಮಗು ಮೊಲೆ ಹಿಡಿಯುವುದಿಲ್ಲ, ಮಂಕಾಗುತ್ತದೆ. ಮೈ ಬಿಸಿಯಾಗುವುದಕ್ಕೆ ಬದಲು ತಣ್ಣಗಾಗುವುದೂ ಉಂಟು. ನೆತ್ತಿ ಉಬ್ಬುವುದು ಬಹುಮಟ್ಟಿಗೆ ತಡವಾಗಿ ತೋರುವ ಲಕ್ಷಣ. ಅದಕ್ಕಾಗಿ ಕಾಯುವುದು ಸಲ್ಲದು. ಪಾಶ್ಚಾತ್ಯ ದೇಶಗಳಲ್ಲಿ ಇದಕ್ಕೆ ಮುಖ್ಯ ಕಾರಣ ಗುಂಪು-ಬಿ ಸ್ಟ್ರೆಪ್ಟೋಕಾಕಸ್. ನಮ್ಮಲ್ಲಿ ಕ್ಲೆಬ್ಸಿಯೆಲ್ಲ, ಇ. ಕೋಲಿ, ಅಸಿನೆಟೊಬ್ಯಾಕ್ಟರ್‌ಗಳ ಕಾಟ ಹೆಚ್ಚು. ದೆಹಲಿಯ ಮೂರು ಆಸ್ಪತ್ರೆಗಳ ನವಜಾತ ಶಿಶುಗಳನ್ನು ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಕ್ತದ ನಂಜಿಗೆ ಕಾರಣವಾದವುಗಳಲ್ಲಿ ಈ ಮೂರೇ ಮುಂದಿದ್ದವು. ಹಲವು ಔಷಧಗಳಿಗೆ ಜಗ್ಗದಂಥವೂ ಅವುಗಳಲ್ಲಿ ಬಹಳವಿದ್ದವು.

ಮಿದುಳಿನ ಒಳಗನ್ನು ಚಿತ್ರವಾಗಿ ಕಾಣುವ ಹಂಬಲ ಹಳೆಯದು. 1918ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಮಿದುಳಿನ ಕುಹರಗಳಲ್ಲಿರುವ ನೀರನ್ನು ತೆಗೆದು, ಅಲ್ಲಿಗೆ ಗಾಳಿ ತುಂಬಿ, ಎಕ್ಸ್-ರೇ ಹಿಡಿದ. ಕೂಸುಗಳಲ್ಲಿ ಸೂಜಿಯನ್ನು ಚುಚ್ಚುತ್ತಿದ್ದುದು ಇದೇ ನೆತ್ತಿಯ ಮೂಲಕ! ಓದುವಾಗಲೇ ಮೈ ಜುಮ್ಮೆನ್ನುತ್ತದೆ. ಇಂದು ಆ ಕಿಟಕಿಯಲ್ಲಿ ಒಳಹೋಗುವುದು ಧ್ವನಿ ಮಾತ್ರ. ನಮ್ಮ ಕಿವಿಗೆ ಕೇಳುವ ಧ್ವನಿಯ ಮೇರೆ ಸೆಕೆಂಡಿಗೆ ಸುಮಾರು 20 ಸಾವಿರ ಕಂಪನ. ಅಲ್ಟ್ರಾಸೌಂಡ್ ಯಂತ್ರ ಇಲ್ಲಿ ಬಳಸುವುದು 50 ಲಕ್ಷದಿಂದ ಒಂದು ಕೋಟಿಯಷ್ಟನ್ನು. ಗಟ್ಟಿ ಎಲುಬು ಅದನ್ನು ತಡೆಯುತ್ತದೆ, ಮೆತ್ತನೆಯ ನೆತ್ತಿ ಬಿಟ್ಟುಕೊಡುತ್ತದೆ. ಮಗುವನ್ನು ಅದರ ಬೆಚ್ಚನೆಯ ಪೆಟ್ಟಿಗೆಯಿಂದ ಕದಲಿಸಬೇಕಾಗಿಲ್ಲ, ಮದ್ದು ಕೊಟ್ಟು ಮಲಗಿಸಬೇಕಾಗಿಲ್ಲ, ವಿಕಿರಣದ ಭಯವೂ ಇಲ್ಲ.

ಪರದೆಯ ಮೇಲೆ ನೀರು ಕಪ್ಪಾಗಿ ಕಾಣುತ್ತದೆ. ಆರೋಗ್ಯವಂತ ಶಿಶುವಿನ ಕುಹರಗಳು ಎರಡು ತೆಳುವಾದ ಕಪ್ಪು ಸೀಳುಗಳಂತೆ ಇರುತ್ತವೆ. ನಂಜು ಅಲ್ಲಿಗೆ ಇಳಿದರೆ ಗೋಡೆಗಳು ದಪ್ಪವಾಗಿ ಬೆಳ್ಳಗೆ ಹೊಳೆಯುತ್ತವೆ; ತಿಳಿನೀರಿನಲ್ಲಿ ಕದಡಿದ ಕಸರು ತೇಲುತ್ತದೆ; ಕೆಲವೊಮ್ಮೆ ಜೇಡನ ಬಲೆಯ ಹಾಗೆ ಎಳೆಗಳು ಅಡ್ಡಬೀಳುತ್ತವೆ. ನೀರಿನ ಹಾದಿ ಕಟ್ಟಿಕೊಂಡರೆ ಕುಹರ ಹಿಗ್ಗತೊಡಗುತ್ತದೆ. ಕೀವುಗಟ್ಟಿದ ಬಾವನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸುವುದು ಎಂ.ಆರ್.ಐ. ಮಂದವಾದ ಕೀವಿನಲ್ಲಿ ನೀರಿನ ಕಣಗಳು ಸರಾಗವಾಗಿ ಓಡಾಡಲಾರವು; ಆ ತಡೆಯನ್ನೇ ಅದು ಬೆಳಕಾಗಿ ಬರೆಯುತ್ತದೆ. ಆದರೆ ಉಸಿರಿಗೆ ತಿಣುಕುವ ಕೂಸನ್ನು ಅಲ್ಲಿಯವರೆಗೆ ಒಯ್ಯುವುದೇ ಒಂದು ಸಾಹಸ.

ಇಷ್ಟೆಲ್ಲ ಕೇಳಿದ ಮೇಲೆ ಮನೆಯವರು ಕೇಳುವ ಪ್ರಶ್ನೆ ಸಹಜವೇ. “ಸ್ಕ್ಯಾನಿನಲ್ಲಿ ಏನೂ ಇಲ್ಲ ಅಂದಿರಲ್ಲ ಡಾಕ್ಟ್ರೇ, ಮತ್ತೆ ಬೆನ್ನಿಗೆ ಸೂಜಿ ಯಾಕೆ?” ಎಂದು ಅಜ್ಜಿಯರು ಕೂಸನ್ನು ಸೆರಗಿನಲ್ಲಿ ಅವುಚಿಕೊಂಡು ಕೇಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. “ಅಜ್ಜೀ, ಸ್ಕ್ಯಾನು ತೋರಿಸುವುದು ನಂಜು ಮಾಡಿದ ಹಾಳನ್ನು, ನಂಜನ್ನಲ್ಲ” ಎನ್ನುವುದು ನನ್ನ ಉತ್ತರ. ಮೊದಲ ದಿನಗಳಲ್ಲಿ ಚಿತ್ರ ಪೂರ್ತಿ ಸರಿಯಾಗಿಯೇ ಇದ್ದು, ಪೊರೆಗಳಲ್ಲಿ ಬೆಂಕಿ ಹತ್ತಿರಬಹುದು. ಶತ್ರು ಯಾರು, ಯಾವ ಔಷಧಕ್ಕೆ ಬಗ್ಗುತ್ತಾನೆ ಎಂದು ಹೇಳಬಲ್ಲುದು ಬೆನ್ನಿನಿಂದ ತೆಗೆದ ನಾಲ್ಕಾರು ಹನಿ ನೀರು. 1891ರಲ್ಲಿ ಜರ್ಮನಿಯ ಕ್ವಿಂಕೆ ಬಳಕೆಗೆ ತಂದ ಕ್ರಮ ಇದು; ಇಂದಿಗೂ ಇದಕ್ಕೆ ಬದಲಿಲ್ಲ. ಬೆನ್ನುಹುರಿ ಮುಗಿಯುವ ಕಡೆಗಿಂತ ಕೆಳಗೆ ಸೂಜಿ ಹಾಕುವುದರಿಂದ, ಕಾಲು ಬಿದ್ದುಹೋಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಮಗುವಿನ ಸ್ಥಿತಿ ಸೂಜಿಯನ್ನು ತಾಳದಷ್ಟು ನಾಜೂಕಾಗಿದ್ದರೆ ಅದನ್ನು ಮುಂದೂಡಬಹುದು. ಆ್ಯಂಟಿಬಯಾಟಿಕ್ ಅನ್ನು ಮುಂದೂಡುವಂತಿಲ್ಲ.

ಹಾಗಾದರೆ ಚಿತ್ರದ ನಿಜವಾದ ಉಪಯೋಗ ಚಿಕಿತ್ಸೆ ಆರಂಭವಾದ ಮೇಲೆ. ಗುಂಪು-ಬಿ ಸ್ಟ್ರೆಪ್ಟೋಕಾಕಸ್‌ಗೆ ತೊಡಕಿಲ್ಲದಿದ್ದರೆ 14 ದಿನ ಸಾಕು, ಇ. ಕೋಲಿಯಂಥವಕ್ಕೆ ಕನಿಷ್ಠ 21 ದಿನ ಬೇಕು. ಕುಹರಗಳಿಗೆ ನಂಜು ತಗಲಿದ್ದರೆ, ಬಾವು ಕಟ್ಟಿದ್ದರೆ ಮತ್ತೆ ಹಲವು ವಾರ, ಕೆಲವೊಮ್ಮೆ ಶಸ್ತ್ರಚಿಕಿತ್ಸೆ. ಬೆನ್ನುನೀರಿನಲ್ಲಿ ಸಿಟ್ರೊಬ್ಯಾಕ್ಟರ್ ಬೆಳೆಯಿತೆಂದರೆ, ಮಗು ಎಷ್ಟೇ ಚೆನ್ನಾಗಿ ತೋರಲಿ, ಬಾವನ್ನು ಹುಡುಕಿಯೇ ತೀರಬೇಕು. ಜ್ವರ ಇಳಿದಿದೆ, ಹಾಲು ಕುಡಿಯುತ್ತಿದೆ, ಮನೆಗೆ ಹೋಗುತ್ತೇವೆ ಎನ್ನುವ ಹೊತ್ತಿನಲ್ಲಿಯೇ ಒಳಗೆ ಸದ್ದಿಲ್ಲದೆ ನೀರು ತುಂಬುತ್ತಿರಬಹುದು. ಅದಕ್ಕಾಗಿಯೇ ಸ್ಕ್ಯಾನನ್ನು ಮತ್ತೆ ಮಾಡುವುದು. ಬಿಲ್ಲು ಬೆಳೆಸುವುದಕ್ಕಲ್ಲ!

ಮನೆಗೆ ಹೋದ ಮೇಲೂ ಕೆಲಸ ಉಳಿದಿರುತ್ತದೆ. ದರ್ಜಿಯ ಅಳತೆಪಟ್ಟಿಯಂಥ ಒಂದು ಟೇಪು ಆಗ ಯಂತ್ರದಷ್ಟೇ ದೊಡ್ಡದು. ವೈದ್ಯರು ಹೇಳಿದ ದಿನಕ್ಕೆ ಹೋಗಿ ತಲೆಯ ಸುತ್ತಳತೆ ತೆಗೆಸಿ, ಹಿಂದಿನ ಅಳತೆಯ ಪಕ್ಕದಲ್ಲಿ ಬರೆಸಿಕೊಳ್ಳಿ. ಈ ರೋಗ ಕಿವಿಯನ್ನು ಕೆಡಿಸುವುದುಂಟು. ಆದ್ದರಿಂದ ಶ್ರವಣ ಪರೀಕ್ಷೆಯನ್ನೂ ಮಾಡಿಸಿ. ಕೂಗಿದರೆ ತಿರುಗಿ ನೋಡುತ್ತದಲ್ಲ ಎಂದು ಸುಮ್ಮನಿರಬೇಡಿ. ಕೂಸು ತಿರುಗುವುದು ನಿಮ್ಮ ನೆರಳಿಗೂ ಇರಬಹುದು.