ಬಿಸಿಲು ಸೀಮೆಯ ತೋಟಗಳು

ರಾಯಚೂರಿನಲ್ಲಿ ತೋಟದ ಮಾತು ಎತ್ತಿದರೆ ಸಾಕು, ಎದುರಿಗಿದ್ದವರು ಕೇಳುವುದು ಒಂದೇ: ನೀರೆಲ್ಲಿದೆ? ಹಾಗೆ ಕೇಳುವುದು ಸಹಜ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ; ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಬಿಸಿಲು. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ ಹರಿದರೂ ನಡುವಿನ ನೆಲ ಒಣ ನೆಲವೇ. ಆದರೂ ಇಲ್ಲಿನ ಜನ ಶತಮಾನಗಳಿಂದ ಗಿಡ ನೆಟ್ಟು, ನೆರಳು ಮಾಡಿಕೊಂಡು, ಹೂವು ಹಣ್ಣು ಕಂಡಿದ್ದಾರೆ. ಅವರು ನೆಟ್ಟ ಬಗೆಯೇನು, ನಾವು ಅದನ್ನು ಎಲ್ಲಿ ಬಿಟ್ಟೆವು, ಮತ್ತೆ ಹಿಡಿಯುವುದು ಹೇಗೆ ಎಂಬುದನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಮಸ್ಕಿಯಿಂದ ಸುರು ಮಾಡೋಣ. 1915ರಲ್ಲಿ ಅಲ್ಲಿ ಸಿಕ್ಕ ಬಂಡೆಗಲ್ಲಿನ ಶಾಸನ ಅಶೋಕನ ಹೆಸರನ್ನೇ ಹೇಳಿ ಜಗತ್ತಿನ ಇತಿಹಾಸಕಾರರ ಗಮನ ಸೆಳೆಯಿತು. ಅದೇ ಅರಸನ ದೊಡ್ಡ ಬಂಡೆ ಶಾಸನಗಳು ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿವೆ. ಮನುಷ್ಯರಿಗೂ ದನಕರುಗಳಿಗೂ ಬೇಕಾದ ಔಷಧಿ ಗಿಡ, ಬೇರು, ಹಣ್ಣಿನ ಮರಗಳನ್ನು ಇಲ್ಲದ ಕಡೆ ತರಿಸಿ ನೆಡಿಸಿದ್ದನ್ನೂ, ದಾರಿಯುದ್ದಕ್ಕೂ ಬಾವಿ ತೋಡಿಸಿ ಮರ ಬೆಳೆಸಿದ್ದನ್ನೂ ಅವುಗಳಲ್ಲಿ ಎರಡನೆಯ ಶಾಸನ ಸಾರುತ್ತದೆ. ನೆರಳು, ಔಷಧಿ, ಹಣ್ಣು, ನೀರು ಈ ನಾಲ್ಕನ್ನೂ ಒಟ್ಟಿಗೆ ಯೋಚಿಸಿದ ಮೊದಲ ಲಿಖಿತ ದಾಖಲೆಗಳಲ್ಲಿ ಇದೂ ಒಂದು.

ಮುಂದೆ ಕಲ್ಯಾಣ ಚಾಲುಕ್ಯರ ಕಾಲ. ದೇವದುರ್ಗ ತಾಲೂಕಿನ ಗಬ್ಬೂರು ಗುಡಿಗಳಿಂದ ತುಂಬಿದ ಊರು. ಆ ಕಾಲದ ಕನ್ನಡ ದತ್ತಿ ಶಾಸನಗಳನ್ನು ಓದಿದರೆ ದೇವರಿಗೆ ಬಿಟ್ಟ ಹೊಲ, ಗಾಣ, ಮನೆಗಳ ಜೊತೆಗೆ ಹೂದೋಂಟವೂ ಮತ್ತೆ ಮತ್ತೆ ಕಾಣುತ್ತದೆ. ದಿನದ ಪೂಜೆಗೆ ಹೂ ಬೇಕು, ಪತ್ರೆ ಬೇಕು. ಆ ಕಾರಣಕ್ಕೆ ತೋಟವೂ ಊರಿನ ಆಸ್ತಿಯಾಗಿ ಉಳಿಯಿತು. ಈಗಲೂ ನಮ್ಮ ಊರುಗಳಲ್ಲಿ ಗುಡಿ, ಮಠಗಳ ಮಗ್ಗುಲಲ್ಲಿ ಪತ್ರಿವನ ಕಾಣುತ್ತೇವೆ.

ಇದೇ ಚಾಲುಕ್ಯ ವಂಶದ ಅರಸ ಜಯಸಿಂಹನ ಆಶ್ರಯದಲ್ಲಿ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯ ‘ಲೋಕೋಪಕಾರ’ ಬರೆದ. ಅಡುಗೆಯಿಂದ ಹಿಡಿದು ಪಶುವೈದ್ಯದವರೆಗೆ ಸಂಸಾರಕ್ಕೆ ಬೇಕಾದ ತಿಳಿವಳಿಕೆಯನ್ನು ಕನ್ನಡದಲ್ಲಿ ಒಂದೆಡೆ ಕೂಡಿಸಿದ ಗ್ರಂಥ ಅದು. ಅದರಲ್ಲಿ ವೃಕ್ಷಾಯುರ್ವೇದ ಇದೆ, ನೆಲದೊಳಗಿನ ನೀರು ಪತ್ತೆ ಮಾಡುವ ಉದಕಾರ್ಗಳವೂ ಇದೆ. ಯಾವ ಮರ, ಎಂಥ ಹುತ್ತ, ಎಂಥ ಕಲ್ಲು ಕಂಡರೆ ನೀರು ಎಲ್ಲಿದ್ದೀತು ಎಂದು ಲೆಕ್ಕ ಹಾಕುವ ವಿದ್ಯೆ ಅದು. ನೆಲ ಏನನ್ನು ತಾನಾಗಿ ಬೆಳೆಯುತ್ತದೆಯೋ ಅದನ್ನು ಮೊದಲು ಓದು, ಆಮೇಲೆ ಕೈ ಹಾಕು ಎಂಬ ಈ ಕ್ರಮವೇ ಇವತ್ತು ಜಗತ್ತಿನ ಉದ್ಯಾನ ತಜ್ಞರು ಹೇಳುವ ಮೊದಲ ಪಾಠ.

1294ರಲ್ಲಿ ರಾಯಚೂರಿನ ಕಲ್ಲುಕೋಟೆ ಎದ್ದಿತು. ಮುಂದೆ ಬಹಮನಿಗಳು, ವಿಜಯನಗರದವರು, ಆದಿಲಶಾಹಿಗಳು ಈ ಕೋಟೆಗಾಗಿ ಕಾದಾಡಿದರು. ದಖ್ಖನಿನ ಸುಲ್ತಾನರು ಬಾಗ್‌ಗಳನ್ನು ಮಾಡಿಸಿದ ಕಾಲವದು: ನೇರ ಕಾಲುವೆ, ಮಲ್ಲಿಗೆ, ಗುಲಾಬಿ, ನಿಂಬೆ ಜಾತಿಯ ಗಿಡ. ಅವು ಬಾವಿ ಕೆರೆಗಳನ್ನು ನೆಚ್ಚಿಕೊಂಡಿದ್ದವು. ನಗರದ ಮಾವಿನಕೆರೆ, ಖಾಸ್ ಬಾವಿಗಳನ್ನು ಕಂಡವರಿಗೆ ಅಂದಿನವರು ನೀರು ಕೂಡಿಡಲು ಪಟ್ಟ ಶ್ರಮ ಗೊತ್ತಾಗುತ್ತದೆ.

ಅರಸರ ಬಾಗ್‌ಗಳಿಗಿಂತ ಹೆಚ್ಚು ಕಾಲ ಬಾಳಿದ್ದು ಜನರ ಕಟ್ಟೆಗಳು. ಹದಿನೆಂಟನೆಯ ಶತಮಾನದಲ್ಲಿ ಈ ಸೀಮೆ ದಾಸರ ಸೀಮೆ. ಮಾನವಿ ತಾಲೂಕಿನ ಚೀಕಲಪರ್ವಿಯಲ್ಲಿ ವಿಜಯದಾಸರು, ದೇವದುರ್ಗ ತಾಲೂಕಿನ ಮೊಸರಕಲ್ಲಿನಲ್ಲಿ ಗೋಪಾಲದಾಸರು, ಮಾನವಿಯಲ್ಲಿ ಜಗನ್ನಾಥದಾಸರು. ಇವರ ಭಕ್ತಿಯ ಲೋಕದಲ್ಲಿ ತುಳಸಿಗೂ ಅಶ್ವತ್ಥಕ್ಕೂ ಇದ್ದ ಸ್ಥಾನ ನಿಮಗೆಲ್ಲ ಗೊತ್ತು. ಒಂದು ಅಶ್ವತ್ಥ ಕಟ್ಟೆಯನ್ನು ಹತ್ತಿರ ನಿಂತು ನೋಡಿ. ಮೇಲೆ ಅಶ್ವತ್ಥ, ಅದಕ್ಕೆ ಆತುಕೊಂಡು ಬೇವು. ಬೇವಿನ ಮೈಗೆ ಅಮೃತಬಳ್ಳಿ. ಬುಡದ ಕಲ್ಲುಸಂದಿಯಲ್ಲಿ ತುಂಬೆ, ಉತ್ತರಾಣಿ, ಕರಿಕಿ. ಹಣ್ಣು ತಿನ್ನಲು ಬಂದ ಗೊರವಂಕ, ಪಿಕಳಾರಗಳು ಬೇರೆ ಕಡೆಯ ಬೀಜ ತಂದು ಇಲ್ಲಿ ಉದುರಿಸುತ್ತವೆ. ಹೊಸ ಸಸಿ ಏಳುತ್ತದೆ. ಉದುರಿದ ಎಲೆ ಅಲ್ಲೇ ಕೊಳೆತು ಮಣ್ಣಾಗುತ್ತದೆ. ಮರ, ಬಳ್ಳಿ, ನೆಲದ ಗಿಡ ಒಂದರ ಮರೆಯಲ್ಲಿ ಒಂದು ಬದುಕುವ ಈ ಏರ್ಪಾಡನ್ನು ಇಂದಿನ ಪರಿಭಾಷೆಯಲ್ಲಿ ಸಸ್ಯ ಸಮುದಾಯ ಅನ್ನುತ್ತಾರೆ.

ಯರಿ ಹೊಲದಲ್ಲೂ ಇದೇ ತಿಳಿವಳಿಕೆ ಇತ್ತು. ಬಿಳಿಜೋಳದ ಅಂಚಿಗೆ ಕುಸುಬಿ ಬಿತ್ತುತ್ತಿದ್ದರು. ಅದರ ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುತ್ತಿರಲಿಲ್ಲ. ಅಕ್ಕಡಿ ಸಾಲಿನಲ್ಲಿ ತೊಗರಿ, ಹೆಸರು, ಎಳ್ಳು, ಪುಂಡಿ. ಮನೆಯ ಹಿತ್ತಲಿನಲ್ಲಿ ನುಗ್ಗಿ, ಕರಿಬೇವು, ಅವುಗಳ ನೆರಳಿಗೆ ಬಚ್ಚಲ ನೀರು ಕುಡಿದು ಬೆಳೆಯುವ ಬಾಳಿ. ಬರಿ ನೆಲ ಬಿಸಿಲಿಗೆ ಕಾಯಲು ಬಿಡಬಾರದು ಎಂಬುದು ಎಲ್ಲರಿಗೂ ತಿಳಿದಿತ್ತು.

ಈ ಎಳೆ ಕಡಿದದ್ದು ಕಳೆದ ನೂರೈವತ್ತು ವರ್ಷಗಳಲ್ಲಿ. 1877ರ ಹೊತ್ತಿಗೆ ಭಾರತಕ್ಕೆ ತಂದ ಬಳ್ಳಾರಿ ಜಾಲಿ ಹಳ್ಳದ ದಂಡೆ, ಗೋಮಾಳಗಳನ್ನೆಲ್ಲ ಆವರಿಸಿ, ತನ್ನ ಕೆಳಗೆ ನಮ್ಮ ಹುಲ್ಲು ಏಳದಂತೆ ಮಾಡಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಬಂತು. ಸುಮಾರು 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಮಾನವಿಯ ಬದುಕನ್ನು ಬದಲಿಸಿತು, ಅನ್ನ ಕೊಟ್ಟಿತು. ಅದರೊಟ್ಟಿಗೆ ನೀರು ನಿಂತ ಕಡೆ ಭೂಮಿ ಸವುಳಾಯಿತು, ಬದುವಿನ ಬನ್ನಿ, ಜಾಲಿ ಗದ್ದೆಗೆ ಎಡೆಮಾಡಿ ಹೋದವು. ಉದ್ಯಾನಗಳಿಗೂ ಹೊರಗಿನ ಮಾದರಿ ಬಂತು. 1908ರಿಂದ 1932ರವರೆಗೆ ಲಾಲ್‌ಬಾಗನ್ನು ನೋಡಿಕೊಂಡ ಕೃಂಬಿಗಲ್, ಬೆಂಗಳೂರಿನ ಬೀದಿಗಳಲ್ಲಿ ತಿಂಗಳಿಗೊಂದು ಜಾತಿಯ ಮರ ಹೂಬಿಡುವ ಹಾಗೆ ನೆಡಿಸಿದ ದೊಡ್ಡ ಕಲಾವಿದ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ತಂಪು ಊರು. ರಾಯಚೂರು ಬರೀ 400 ಮೀಟರ್. ಅಲ್ಲಿಂದ ನಾವು ತಂದದ್ದು ಹುಲ್ಲುಹಾಸು. ನಮ್ಮ ಬೇಸಿಗೆಯಲ್ಲಿ ಅದು ಚದರ ಮೀಟರಿಗೆ ದಿನಕ್ಕೆ 5–6 ಲೀಟರ್ ನೀರು ಕೇಳುತ್ತದೆ. ಕುಡಿಯುವ ನೀರಿಗೆ ಕೊಡ ಹಿಡಿದು ನಿಲ್ಲುವ ಊರಿಗೆ ಇದು ಒಪ್ಪುವ ಮಾತೇ?

ಅತ್ತ ಪಶ್ಚಿಮದಲ್ಲೂ ಉದ್ಯಾನದ ಮಾದರಿಯ ಬಗ್ಗೆ ಪ್ರಶ್ನೆ ಎದ್ದಿತ್ತು. 1870ರಲ್ಲಿ ಐರ್ಲೆಂಡಿನ ವಿಲಿಯಂ ರಾಬಿನ್ಸನ್, ಕತ್ತರಿಸಿ ಅಚ್ಚುಗಟ್ಟು ಮಾಡಿದ ಪಾತಿಗಳನ್ನು ವಿರೋಧಿಸಿ ಕಾಡಿನ ಕ್ರಮದ ತೋಟಗಳ ಬಗ್ಗೆ ಪುಸ್ತಕ ಬರೆದರು. ನಮ್ಮ ಕಾಲದಲ್ಲಿ ನೆದರ್ಲೆಂಡಿನ ಪೀಟ್ ಔಡಾಲ್ಫ್ ನ್ಯೂಯಾರ್ಕಿನ ಹಳೆಯ ರೈಲು ಸೇತುವೆಯ ಮೇಲೆ ಹುಲ್ಲು, ಕಾಡುಹೂಗಳ ಹೈಲೈನ್ ಉದ್ಯಾನಕ್ಕೆ ಗಿಡಗಳ ವಿನ್ಯಾಸ ಮಾಡಿದರು. 2009ರಲ್ಲಿ ಅದರ ಮೊದಲ ಭಾಗ ಜನರಿಗೆ ತೆರೆಯಿತು. ಅವರು ಆರಿಸಿದ ಗಿಡಗಳು ನಮಗೆ ಬೇಡ, ಕ್ರಮ ಬೇಕು.

ಆ ಕ್ರಮಕ್ಕೆ ನಮ್ಮಲ್ಲೇ ಬೇಕಾದಷ್ಟು ಗಿಡಗಳಿವೆ. ಉದಾಹರಣೆಗೆ ತಂಗಡಿ, ಆವರಿಕೆ ಎಂದೂ ಅನ್ನುತ್ತಾರೆ. ನೀರು ಹಾಕುವವರಿಲ್ಲದಿದ್ದರೂ ಬಂಗಾರದ ಬಣ್ಣದ ಹೂ ಬಿಡುತ್ತದೆ, ಆಡು ದನ ಬಾಯಿ ಹಾಕುವುದಿಲ್ಲ. ಬೆಳಿಗ್ಗೆ ಹೂವಿನ ಹತ್ತಿರ ಸ್ವಲ್ಪ ಹೊತ್ತು ನಿಂತರೆ ದೊಡ್ಡ ಕಪ್ಪು ದುಂಬಿ ಬರುತ್ತದೆ. ಈ ಹೂವಿನಲ್ಲಿ ಮಕರಂದವಿಲ್ಲ. ಪರಾಗ ಸಣ್ಣ ತೂತಿರುವ ಚೀಲಗಳೊಳಗೆ ಅಡಗಿರುತ್ತದೆ. ದುಂಬಿ ಹೂವನ್ನು ಅಪ್ಪಿ ಹಿಡಿದು ಮೈಯನ್ನೆಲ್ಲ ನಡುಗಿಸುತ್ತದೆ, ಝೇಂಕಾರದ ದನಿಯೇ ಬದಲಾಗುತ್ತದೆ, ಪರಾಗ ಉದುರುತ್ತದೆ. ಕೃಷ್ಣೆಯ ಆಚೆ ತೆಲಂಗಾಣದವರು ಇದನ್ನು ರಾಜ್ಯದ ಹೂವೆಂದು ಒಪ್ಪಿ ಬತುಕಮ್ಮ ಹಬ್ಬದಲ್ಲಿ ಪೇರಿಸುತ್ತಾರೆ. ಈಚೆಯ ದಂಡೆಯಲ್ಲಿ ನಾವು ಅದನ್ನು ಕಳೆಯೆಂದು ಕೀಳುತ್ತೇವೆ.

ಹಾಗಾದರೆ ಹೇಗೆ ನೆಡಬೇಕು? ರಾಯಚೂರು ನಗರದ ಮನೆಯಂಗಳಕ್ಕೆ ಒಂದು ಬೇವು ಇಲ್ಲವೆ ಬನ್ನಿ ಸಾಕು. ಬನ್ನಿಯ ಬೇರು ಆಳಕ್ಕಿಳಿಯುತ್ತದೆ, ಮಣ್ಣಿಗೆ ಸಾರಜನಕವನ್ನೂ ಕೂಡಿಸುತ್ತದೆ. ಅದರ ಸುತ್ತ ತಂಗಡಿ, ಲಕ್ಕಿ, ಕರಿಬೇವು. ಕೆಳಗೆ ತುಂಬೆ, ವಿಷ್ಣುಕ್ರಾಂತಿ, ಲೋಳೆಸರ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು ಕಂಡರೆ ಔಷಧಿ ಹೊಡೆಯಬೇಡಿ. ಅದು ಹಸಿರಾಗಿ ಬೆಳೆದು ನಿಂಬೆ ಚಿಟ್ಟೆಯಾಗುತ್ತದೆ. ದೇವದುರ್ಗದ ಮಸಾರಿ, ಕಲ್ಲು ನೆಲಕ್ಕೆ ಕಕ್ಕೆ, ಸೀತಾಫಲ, ಕವಳಿ, ಬಾರಿ, ಬಂದರಿಕೆ ಒಗ್ಗುತ್ತವೆ. ಮಾನವಿಯ ಸವುಳು ನೆಲದಲ್ಲಿ ಹೊಂಗೆ, ಕರಿಜಾಲಿ ತಾಳಿಕೊಳ್ಳುತ್ತವೆ.

ಗುಂಡಿಯನ್ನು ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಡಿ, ಮಿರಗದ ಮಳೆಗೆ ನೆಡಿ. ಸಾವಿರ ಚದರ ಅಡಿಯ ಮಾಳಿಗೆಯ ಮೇಲೆ ವರ್ಷಕ್ಕೆ 50,000 ಲೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದನ್ನು ಗಟಾರಕ್ಕೆ ಬಿಡದೆ ಗಿಡದ ಸಾಲಿಗೆ ಹರಿಸಿ. ಮೊದಲೆರಡು ಬೇಸಿಗೆ ನೀರುಣಿಸಿ. ಉದುರಿದ ಎಲೆಗೆ ಬೆಂಕಿ ಹಚ್ಚಬೇಡಿ, ಬುಡಕ್ಕೇ ಹೊದಿಸಿ. ಯರಿ ಭೂಮಿ ಬಿರುಕು ಬಿಟ್ಟು ತೇವ ಕಳೆದುಕೊಳ್ಳುವುದನ್ನು ಈ ಹೊದಿಕೆ ತಡೆಯುತ್ತದೆ.

ಶಾಲೆಯ ಮುಖ್ಯಸ್ಥರಲ್ಲಿ, ನಗರಸಭೆ, ಪುರಸಭೆಗಳ ಸದಸ್ಯರಲ್ಲಿ ನನ್ನದೊಂದು ವಿನಂತಿ. ಮುಂದಿನ ಉದ್ಯಾನದ ನಕ್ಷೆಯಲ್ಲಿ ಹುಲ್ಲುಹಾಸಿಗೆ ಇಟ್ಟ ಜಾಗದ ಅರ್ಧವನ್ನಾದರೂ ನಮ್ಮ ಗಿಡಗಳ ಗುಂಪಿಗೆ ಕೊಡಿ. ನೀರಿನ ಬಿಲ್ಲು ಇಳಿಯುತ್ತದೆ, ಮಕ್ಕಳಿಗೆ ನೆರಳು ಸಿಗುತ್ತದೆ, ದುಂಬಿ ಚಿಟ್ಟೆಗಳಿಗೆ ನೆಲೆಯಾಗುತ್ತದೆ. ಈ ಸೀಮೆಯಲ್ಲಿ ನೀರು ಎಂದೂ ಹೇರಳವಾಗಿರಲಿಲ್ಲ. ಇದ್ದಷ್ಟರಲ್ಲಿ ತೋಟ ಮಾಡುವ ಬುದ್ಧಿ ಹೇರಳವಾಗಿತ್ತು. ಬರುವ ಮಿರಗಕ್ಕೆ ಅದನ್ನು ಮತ್ತೆ ಕೆಲಸಕ್ಕೆ ಹಚ್ಚೋಣ.